ಮಿಕ್ಸರಿನ ಬೆನ್ನ ಮೇಲಿನ ತೂತುಗಳು

ಹೋದ ವಾರ ಮದುವೆಗಳಿಗೆ ಮೈಕು ಕಟ್ಟುವವರೊಬ್ಬರು ಮನೆಗೆ ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಒಂದು ಮಿಕ್ಸರ್ ಸುಮ್ಮನೆ ಬಿದ್ದಿದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಅಟ್ಟದಿಂದ ಇಳಿಸಿ ತೋರಿಸಿದೆ. ಅವರು ಮುಂಭಾಗವನ್ನು ನೋಡಲೇ ಇಲ್ಲ. ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, "ಈರಣ್ಣ, ಇದರಾಗ ಯಾವ ತೂತು ಕೆಲಸ ಮಾಡ್ತೈತಿ, ಯಾವುದು ಇಲ್ಲ?" ಎಂದು ಕೇಳಿದರು.

ಸರಿಯಾದ ಪ್ರಶ್ನೆಯೇ. ತಿಳಿದವರು ಕೇಳುವ ಪ್ರಶ್ನೆ. ನನಗೆ ಉತ್ತರವೂ ಗೊತ್ತಿತ್ತು. ಆದರೆ ಬಾಯಿಗೆ ಬರಲಿಲ್ಲ. "ನಾಳಿ ಹೇಳ್ತೀನ್ರಿ" ಎಂದು ಕಳಿಸಿದೆ. "ಇದರಾಗ ನಾಳಿ ತನಕ ನೋಡೋದು ಏನೈತಪಾ" ಎಂದು ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಗೊಣಗಿದ್ದು ಕೇಳಿಸಿತು. ಆ ನಾಳೆ ಇನ್ನೂ ಬಂದಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಕೆಲವರು ಬರೆದು ಹಗುರಾಗುತ್ತಾರಂತೆ. ನಾನೂ ಪ್ರಯತ್ನ ಮಾಡುತ್ತಿದ್ದೇನೆ. ನನ್ನ ಓದು ಹತ್ತನೇ ತರಗತಿಗೆ ನಿಂತದ್ದು, ನೀವು ಸ್ವಲ್ಪ ಹೊಂದಿಸಿಕೊಳ್ಳಬೇಕು.

ಮಿಕ್ಸರ್ ಎಂದರೆ ಭಾರಿ ವಸ್ತು ಅಂದುಕೊಳ್ಳಬೇಡಿ. ಬಳ್ಳಾರಿಯ ಮೆಕ್ಯಾನಿಕ್ ಒಬ್ಬ ತಗಡು ಬಗ್ಗಿಸಿ ಮಾಡಿದ್ದು. ಮುಂದುಗಡೆ ಒಂದೊಂದು ಮೈಕಿಗೆ ಒಂದೊಂದು ಸಣ್ಣ ಗುಂಡಿ, ಎಲ್ಲಕ್ಕೂ ಸೇರಿ ಒಂದು ದೊಡ್ಡ ವಾಲ್ಯೂಮ್ ಗುಂಡಿ. ಕಾರ್ಯಕ್ರಮಕ್ಕೆ ಬಂದ ಮಂದಿ ಈ ಗುಂಡಿಗಳನ್ನೇ ಬೆರಗಿನಿಂದ ನೋಡುತ್ತಿದ್ದರು. ಆದರೆ ಒಳಗೆ ಹೋದ ದನಿ ಯಾರ ಬಳಿಗೆ ಹೋಗಬೇಕು ಎಂಬುದು ತೀರ್ಮಾನವಾಗುವುದು ಬೆನ್ನಿನ ಕಡೆ. ಅಲ್ಲಿ ನಾಲ್ಕು ತೂತುಗಳಿದ್ದವು. ಒಂದು ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರುಗಳಿಗೆ. ಅದು ಮಂದಿಯ ತೂತು. ಇನ್ನೊಂದು ಹೆಡ್‌ಫೋನಿಗೆ. ಮಿಕ್ಸರ್ ನೋಡಿಕೊಳ್ಳುವವನು ಕಿವಿಗೆ ಹಾಕಿಕೊಂಡು, ಹೊರಗೆ ಏನು ಹೋಗುತ್ತಿದೆ ಎಂದು ತಾನೊಬ್ಬನೇ ಕೇಳಿಸಿಕೊಳ್ಳಲಿಕ್ಕೆ. ಮೂರನೆಯದು ಟೇಪ್‌ರೆಕಾರ್ಡರಿಗೆ. ನಾಲ್ಕನೆಯದರಿಂದ ದನಿ ಎಕೋ ಡಬ್ಬಿಗೆ ಹೋಗಿ, ಪ್ರತಿಧ್ವನಿಯ ಬಾಲ ಹಚ್ಚಿಕೊಂಡು ವಾಪಸ್ ಬರುತ್ತಿತ್ತು.

ಇವುಗಳಲ್ಲಿ ಟೇಪಿನ ತೂತಿನ ಸ್ವಭಾವವೇ ಬೇರೆ. ಅದು ದೊಡ್ಡ ವಾಲ್ಯೂಮಿನ ಮಾತು ಕೇಳುವುದಿಲ್ಲ. ನೀವು ಮಂದಿಗೆ ಜೋರಾಗಿ ಕೊಡಿ, ಮೆಲ್ಲಗೆ ಕೊಡಿ, ಪೂರ್ತಿ ಇಳಿಸಿಬಿಡಿ, ಟೇಪಿಗೆ ಹೋಗುವುದು ಹದವಾಗಿ ಹೋಗುತ್ತಲೇ ಇರುತ್ತದೆ. ಮಂದಿಯ ತೂತು, ಕಿವಿಯ ತೂತು ಹಾಗಲ್ಲ. ಅವೆರಡೂ ಆ ಒಂದೇ ವಾಲ್ಯೂಮಿನ ಕೈಕೆಳಗೆ ಬದುಕುವಂಥವು. ಏರಿಸಿದರೆ ಎರಡೂ ಏರುತ್ತವೆ, ಇಳಿಸಿದರೆ ಎರಡೂ ಇಳಿಯುತ್ತವೆ. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ನಿಮಗೆ ತಿಳಿಯುತ್ತದೆ.

ನಾನು ಆರ್ಕೆಸ್ಟ್ರಾ ಸೇರಿದ್ದು ಹಾಡಲಿಕ್ಕೆ. ಹಾರ್ಮೋನಿಯಂ ಮಾಸ್ತರು ಒಂದು ಸಂಜೆ ಪೂರ್ತಿ ತಾಳ್ಮೆಯಿಂದ ನನ್ನ ಹಾಡು ಕೇಳಿದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಕಿವಿ ಭಾಳ ಚಲೋ ಅದಾವು ಈರಣ್ಣ. ಬಾಯಿ ದೇವರಿಗೆ ಬಿಡು" ಅಂದರು. ಅಂದಿನಿಂದ ನಾನು ಮಿಕ್ಸರಿನ ಹಿಂದೆ. ಆದೋನಿ, ಪತ್ತಿಕೊಂಡ, ಮಂತ್ರಾಲಯದ ಕಡೆಯ ಹಳ್ಳಿಗಳ ಮದುವೆಗಳಲ್ಲಿ ಯಾರ ಬಾಯಿಂದ ಬಂದ ಹಾಡೂ ನನ್ನ ಕೈ ದಾಟಿಯೇ ಹೊರಗೆ ಹೋಗಬೇಕಿತ್ತು. ಈ ಹೆಮ್ಮೆ ಇಟ್ಟುಕೊಂಡು ಬಹಳ ವರ್ಷ ಕಳೆದೆ. ನಮ್ಮ ಹಾಡುಗಾರ್ತಿಗೆ ಎಕೋ ಇಲ್ಲದೆ ಆಗುತ್ತಿರಲಿಲ್ಲ. "ಎಕೋ ಇಲ್ಲಂದ್ರ ನನ್ನ ದನಿ ಸೆರಗಿಲ್ದ ನಿಂತಂಗ ಅನ್ನಿಸ್ತೈತಿ" ಎನ್ನುತ್ತಿದ್ದಳು. ಕೇಳುವ ಮಂದಿಯೂ ಹಾಗೇ. ಬಾಲವಿಲ್ಲದ ಹಾಡು ಅವರಿಗೆ ಹಾಡಲ್ಲ.

ಟೇಪಿನ ತೂತು ಹೋದದ್ದು ಮಾಧವರಂನ ಒಂದು ಮದುವೆಯಲ್ಲಿ. ಮದುಮಗನ ಸೋದರಮಾವ ಎರಡು ಕೈಯಲ್ಲಿ ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಬರುತ್ತ ವಾಯರಿಗೆ ಕಾಲು ಸಿಕ್ಕಿಸಿಕೊಂಡ. ತಟ್ಟೆ ಉಳಿಯಿತು. ವಾಯರು ತೂತಿನ ಒಳಗಿನದನ್ನೆಲ್ಲ ಕಿತ್ತುಕೊಂಡು ಬಂತು. "ಏಂ ಕಾಲೇದು ಕದಾ?" ಎಂದು ತೆಲುಗಿನಲ್ಲಿ ಕೇಳಿದ, ಏನೂ ಆಗಲಿಲ್ಲ ತಾನೇ ಅಂತ. ಮದುವೆ ಮನೆಯಲ್ಲಿ ಏನು ಹೇಳುವುದು? "ಏಮೀ ಲೇದು" ಅಂದೆ. ಟೇಪ್ ಮಾಡಿಸುವವರು ಆಗ ಅಷ್ಟಾಗಿ ಇರಲಿಲ್ಲವಾದ್ದರಿಂದ ಅದನ್ನು ಯಾರೂ ರಿಪೇರಿಗೆ ಒಯ್ಯಲಿಲ್ಲ.

ಆಮೇಲೆ ಊರ ತುಂಬ ಕ್ಯಾಸೆಟ್ಟಿನ ಅಂಗಡಿಗಳಾದವು. ಮದುವೆಯವರಿಗೆ ನಾವು ಬೇಡವಾದೆವು. ಆರ್ಕೆಸ್ಟ್ರಾ ಒಡೆದಾಗ ಗಿಟಾರು ಒಬ್ಬರಿಗೆ, ಡ್ರಮ್ಮು ಒಬ್ಬರಿಗೆ, ಸ್ಪೀಕರುಗಳು ಮಾಸ್ತರರ ಅಳಿಯನಿಗೆ ಹೋದವು. ಮಿಕ್ಸರು, ಎಕೋ ಡಬ್ಬಿ, ಒಂದು ಮೈಕು, ಹೆಡ್‌ಫೋನು ಯಾರಿಗೂ ಬೇಡವಾಗಿ ನನಗೆ ಬಂದವು. ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ತಂದೆ. ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಾಗ ಏನು ಕಾಸ್ತಾರೋ?" ಅಂದಳು.

ಅವ್ವ ಹೀಗೆ ಅಂದದ್ದು ನನಗೆ ಕೇಳಿಸಿತು. ಪಕ್ಕದಲ್ಲೇ ಕುಳಿತಿದ್ದ ಅಪ್ಪನಿಗೆ ಕೇಳಿಸಲಿಲ್ಲ.

ಅಪ್ಪ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿದ್ದವನು. ನಾನು ಹುಟ್ಟುವ ಮುಂಚಿನಿಂದಲೂ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಪಕ್ಕದಲ್ಲೇ ನಿಂತವನು. ಆ ಸದ್ದನ್ನು ಹೇಗೆ ಹೇಳಲಿ? ನಾನು ಬುತ್ತಿ ಕೊಡಲು ಹೋದರೆ ಬಾಗಿಲಲ್ಲೇ ಎದೆ ನಡುಗುತ್ತಿತ್ತು. ಒಳಗಿನವರು ಬಾಯಿಂದ ಮಾತಾಡುತ್ತಿರಲಿಲ್ಲ, ಕೈಯಿಂದ, ಹುಬ್ಬಿನಿಂದ ಮಾತಾಡುತ್ತಿದ್ದರು. ಆ ಹುಬ್ಬುಗಳ ಮೇಲೆಲ್ಲ ಬಿಳಿ ಅರಳೆ. ಚಿಕ್ಕವನಾಗಿದ್ದಾಗ ನನಗೆ ಅಪ್ಪ ದಿನಾ ಸಂಜೆ ಮುದುಕನಾಗಿ ಮನೆಗೆ ಬಂದು, ಮುಖ ತೊಳೆದ ಮೇಲೆ ಮತ್ತೆ ವಯಸ್ಸಿಗೆ ಬರುತ್ತಾನೆ ಎನ್ನಿಸುತ್ತಿತ್ತು.

ಅಪ್ಪನ ಕಿವಿ ಹೋದದ್ದು ಯಾವಾಗ ಎಂದು ನಮಗೆ ಯಾರಿಗೂ ಗೊತ್ತಿಲ್ಲ. ಮೊದಲು ಗುಬ್ಬಿಗಳು ಹೋದವು. ಆಮೇಲೆ ಸೈಕಲ್ಲಿನ ಬೆಲ್ಲು. ಆಮೇಲೆ ಅವ್ವ.

ಯಾಕೆಂದರೆ ಅವ್ವನ ದನಿ ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗೆ. ಹೊಳೆದಂಡೆಯ ಹಳ್ಳಿಯಿಂದ ಲಗ್ನವಾಗಿ ಬಂದಾಗ ಈ ಮನೆಯಲ್ಲಿ ಮಾವ, ಭಾವ ಎಲ್ಲ ಇದ್ದರಂತೆ. ಸೊಸೆಯ ದನಿ ಅಡಿಗೆಮನೆಯ ಹೊಸ್ತಿಲು ದಾಟಬಾರದು ಎಂದು ಅತ್ತೆ ಮೊದಲ ದಿನವೇ ಹೇಳಿದ್ದಳಂತೆ. ಅವರೆಲ್ಲ ಒಬ್ಬೊಬ್ಬರಾಗಿ ಹೋದರು, ದನಿ ಮಾತ್ರ ಹೊಸ್ತಿಲಿನ ಒಳಗೇ ಉಳಿಯಿತು. ಅಪ್ಪನ ಕಿವಿ ಮಂದವಾದ ಮೇಲೆ ನಾವು, "ಸ್ವಲ್ಪ ಜೋರು ಮಾತಾಡವ್ವಾ" ಎಂದರೆ, "ಗಂಡನ ಮ್ಯಾಲ ದನಿ ಏರಿಸಿದ್ರ ನಾಕು ಮಂದಿ ಏನಂದಾರು?" ಎನ್ನುತ್ತಿದ್ದಳು.

ಒಂದೇ ಒಂದು ಸಲ ಪ್ರಯತ್ನ ಮಾಡಿದಳು. ಜೀವ ಗಟ್ಟಿ ಮಾಡಿ, "ಅನ್ನ ಆರಿ ಹೋತು, ಉಣ್ಣಾಕ ಬರ್ರೀ!" ಎಂದು ಕೂಗಿದಳು. ಅಪ್ಪನಿಗೆ ಕೇಳಿಸಲಿಲ್ಲ, ಓಣಿಗೆಲ್ಲ ಕೇಳಿಸಿತು. ಎದುರು ಮನೆಯ ಹುಸೇನಮ್ಮ ಬಾಗಿಲಿಗೇ ಬಂದು, "ಏಮಕ್ಕಾ, ಕೊಟ್ಲಾಟನಾ?" ಎಂದು ಕೇಳಿದಳು. ಜಗಳವೇನು ಎಂದು. ಆಕೆಯ ಹಿಂದೆ ಇನ್ನಿಬ್ಬರು ಹೆಂಗಸರು. ಅವ್ವ ಅವಮಾನದಿಂದ ಆ ದಿನ ಉಣ್ಣಲಿಲ್ಲ. ಮತ್ತೆ ಎಂದೂ ಕೂಗಲಿಲ್ಲ.

ಹಾಗಾಗಿ ನಾನು, ಅಕ್ಕ ಲಕ್ಷ್ಮಿ ಇಬ್ಬರೂ ಅವ್ವನ ಮಾತನ್ನು ಅಪ್ಪನಿಗೆ ಒಯ್ಯುವವರಾದೆವು. ಅವ್ವ ನಮಗೆ ಹೇಳಬೇಕು, ನಾವು ಅಪ್ಪನ ಕಿವಿಯಲ್ಲಿ ಒದರಬೇಕು. ಮಕ್ಕಳು ಒದರಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಒದರುವವರಿಗೆ ಗಂಟಲಿನ ಚಿಂತೆ ಇರುತ್ತದೆ ನೋಡಿ. ಅವ್ವ ಹೇಳುತ್ತಿದ್ದಳು: "ನಿಮ್ಮಪ್ಪಗ ಹೇಳು, ಬೆಳಿಗ್ಗಿ ಹುಸೇನಮ್ಮನ ಆಡು ನಮ್ಮ ಮಾಳಗಿ ಏರಿ ಒಣ ಹಾಕಿದ ಮೆಣಸಿನಕಾಯಿ ತಿಂತು, ತಿಂದು ಮನಿಷಾರು ಕೆಮ್ಮಿದಂಗ ಕೆಮ್ಮಾಕತ್ತಿತು, ಹುಸೇನಮ್ಮ ಬಂದು ನನಗಽ ಬೈದ್ಲು, ನಾನೇನು ಕರದು ತಿನ್ನಿಸೀನೇನವಾ ಅಂದೆ, ಆಕಿಗೂ ನಗಿ ಬಂತು, ನನಗೂ ನಗಿ ಬಂತು..."

ನಾನು ಅಪ್ಪನ ಕಿವಿಗೆ ಬಾಯಿಟ್ಟು, "ಅಪ್ಪಾ! ಮೆಣಸಿನಕಾಯಿ ತರಬೇಕಂತ!" ಎಂದು ಒದರುತ್ತಿದ್ದೆ.

ಅಪ್ಪ ಚೀಲ ತೆಗೆದುಕೊಂಡು ಹೊರಡುತ್ತಿದ್ದ. ಅವ್ವ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಬೇಕಾದದ್ದೆಲ್ಲ ಅಪ್ಪನಿಗೆ ತಲುಪುತ್ತಿತ್ತು. ಬೇಕಾಗಿಲ್ಲದ್ದು ಯಾವುದೂ ತಲುಪುತ್ತಿರಲಿಲ್ಲ. ಗಂಡ ಹೆಂಡಿರ ಮಾತಿನಲ್ಲಿ ಬೇಕಾಗಿಲ್ಲದ್ದೇ ಹೆಚ್ಚು ಎಂದು ನನಗೆ ಆಗ ಗೊತ್ತಿರಲಿಲ್ಲ, ಇನ್ನೂ ಲಗ್ನವಾಗಿರಲಿಲ್ಲ. ಅಕ್ಕ ಪತ್ತಿಕೊಂಡಕ್ಕೆ ಮದುವೆಯಾಗಿ ಹೋದ ಮೇಲೆ, ನಾನು ಆರ್ಕೆಸ್ಟ್ರಾದ ಹಿಂದೆ ತಿರುಗುವಾಗ, ಆ ಮನೆಯಲ್ಲಿ ದಿನಗಟ್ಟಲೆ ಅಷ್ಟೂ ಇರಲಿಲ್ಲ. ಕರ್ನೂಲಿನ ಕಿವಿ ಡಾಕ್ಟರು ಒಂದು ಸಣ್ಣ ಮಿಷಿನ್ ಕೊಟ್ಟಿದ್ದರು. ಅಪ್ಪ ಒಂದು ವಾರ ಹಾಕಿಕೊಂಡು, "ಇದರಾಗೂ ಜಿನ್ನಽ ಕೇಳಿಸ್ತೈತಿ" ಎಂದು ಗೂಡಿನಲ್ಲಿ ಇಟ್ಟುಬಿಟ್ಟ.

ಅವ್ವನಿಗೆ ಎದೆಯ ರೋಗ ಶುರುವಾದದ್ದು ಅಪ್ಪ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ. ನಾನು ಆಗ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಉಸಿರು ಗಿಡ್ಡವಾಗುತ್ತ ಬಂತು. ಮೊದಲೇ ಮೆತ್ತಗಿದ್ದ ದನಿ ಇನ್ನೂ ಇಳಿಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಬಿಸಿನೀರು ಕೊಡಿ, ಕೇಳಿದ್ದು ಕೊಡಿ ಅಂದರು. ಕೇಳಿದ್ದು ಕೊಡಿ ಎಂದರೆ ಏನೆಂದು ಹಳ್ಳಿಯವರಿಗೂ ಗೊತ್ತಾಗುತ್ತದೆ.

ಅಕ್ಕ ನೋಡಲು ಬಂದವಳು ಹೋಗುವಾಗ ನನ್ನ ಕೈ ಹಿಡಿದುಕೊಂಡಳು. "ತಮ್ಮಾ, ನಿನ್ನ ಹತ್ರ ಆ ಡಬ್ಬಿ ಐತಲ್ಲ. ಅವ್ವನ ಬೀಸೋ ಪದ ಒಂದೆರಡು ಟೇಪ್ ಮಾಡಿಡೋ. ನನ್ನ ಮಕ್ಕಳಿಗೆ ನಾ ಹಾಡಾಕ ಹೋದ್ರ ಅರ್ಧಕ್ಕ ಮರತು ಹೋಗ್ತೀನಿ."

ಬೀಜದಂಗಡಿಯ ಸಾಹುಕಾರರ ಟೇಪ್‌ರೆಕಾರ್ಡರನ್ನು ಕೇಳಿ ತಂದೆ. ಒಂದು ಮಧ್ಯಾಹ್ನ ಅವ್ವನನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂಡಿಸಿ ಕೈಯಲ್ಲಿ ಮೈಕು ಕೊಟ್ಟೆ. ಟೇಪಿನ ತೂತು ಸತ್ತಿತ್ತಲ್ಲ, ಅದಕ್ಕೆ ಟೇಪಿನ ವಾಯರನ್ನು ಮಂದಿಯ ತೂತಿಗೆ ಸಿಕ್ಕಿಸಿದೆ. ಹೆಡ್‌ಫೋನು ನನಗೆ. ಅವ್ವನ ಪದಕ್ಕೂ ಇರಲಿ ಎಂದು ಎಕೋ ಕೂಡ ಹಚ್ಚಿದೆ. ವಿದ್ಯೆ ಎಲ್ಲವನ್ನೂ ತೋರಿಸುವ ಉಮೇದು.

ಅಪ್ಪ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದ. ನಾನು ವಾಯರು ಸರಿ ಮಾಡಲು ಹೆಡ್‌ಫೋನು ತೆಗೆದು ನೆಲಕ್ಕಿಟ್ಟಾಗ, ಅದೇನೋ ನೋಡೋಣವೆಂದು ತೆಗೆದು ತಲೆಗೆ ಏರಿಸಿಕೊಂಡ. ನನಗೆ ಬೇಕಾದಷ್ಟು ವಾಲ್ಯೂಮಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ತಾನೇ ಕೈಚಾಚಿ ದೊಡ್ಡ ಗುಂಡಿಯನ್ನು ಕಡೆಯವರೆಗೆ ತಿರುವಿದ. ಜಿನ್ನು ನಡೆಸಿದ ಕೈ, ಗುಂಡಿ ಕಂಡರೆ ಸುಮ್ಮನಿರುವುದಿಲ್ಲ.

ಅವ್ವ ನನಗೆ ಏನೋ ಹೇಳಿದಳು. ಅಪ್ಪ ಬೆಚ್ಚಿಬಿದ್ದ.

"ಯಾರದು?" ಎಂದ, ಓಣಿಗೆಲ್ಲ ಕೇಳಿಸುವಂತೆ. ನಾನು ಅವ್ವನ ಕಡೆ ಬೆರಳು ತೋರಿಸಿದೆ.

"ಈಕೇನು! ಬಾವ್ಯಾಗ ಕುಂತು ಮಾತಾಡಿದಂಗ ಐತಲ್ಲ!"

ಎಕೋದ ಪಿನ್ನು ಕಿತ್ತು ಹಾಕಿದೆ. ಅವ್ವ ಇದೇನನ್ನೂ ಗಮನಿಸದೆ, ಮೈಕು ತುಟಿಯ ಬಳಿ ಇರುವುದನ್ನೂ ಮರೆತು, ನನಗೇ ಅಂದಳು: "ಒಲಿ ಆರಿರ್ತೈತಿ, ನೋಡೋ ಒಂಚೂರು."

ಅಪ್ಪ ಅಡಿಗೆಮನೆಯತ್ತ ಕತ್ತು ತಿರುಗಿಸಿ ನೋಡಿದ. "ಆರಿಲ್ಲ. ಉರೀತೈತಿ" ಅಂದ.

ಅಷ್ಟೇ. ಅದರ ನಂತರ ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಅವ್ವ ಕೈಯಲ್ಲಿದ್ದ ಮೈಕನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಧ್ಯೆ ನಿಂತು ಒದರುವವರು ಯಾರೂ ಇಲ್ಲದೆ ಆಕೆಯ ಮಾತಿಗೆ ಅಪ್ಪ ಉತ್ತರ ಕೊಟ್ಟು ಎಷ್ಟು ವರ್ಷವಾಗಿತ್ತೋ. ನಾನು ಒಲೆ ನೋಡುವ ನೆವದಿಂದ ಒಳಗೆ ಹೋಗಿ ಅಲ್ಲೇ ನಿಂತುಬಿಟ್ಟೆ.

ಆವತ್ತು ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿದರೆ, ಪದವೂ ಇಲ್ಲ, ಮಾತೂ ಇಲ್ಲ. ತಗಡಿನ ಮೇಲೆ ಗರಸು ಸುರಿದಂತೆ ಗರಗರ. ವಾಲ್ಯೂಮು ಕಡೆಯವರೆಗೆ ಹೋದಾಗ ದನಿ ಹರಿದು ಚೂರುಚೂರಾಗಿ ಟೇಪಿಗೆ ಇಳಿದಿತ್ತು. ಟೇಪಿಗೆ ಹದವಾಗುವಷ್ಟು ಇಳಿಸಿದರೆ ಅಪ್ಪ ಹೆಡ್‌ಫೋನನ್ನು ತಟ್ಟಿ, "ದನಿ ಹೋತು, ದನಿ ಹೋತು" ಎನ್ನುತ್ತಿದ್ದ. ಅವನಿಗೆ ಕೇಳಿಸುವಷ್ಟು ಏರಿಸಿದರೆ ಟೇಪಿಗೆ ಮತ್ತೆ ಗರಸು. ಸ್ಪೀಕರು ತಂದು ಇಡೋಣವೆಂದರೆ ನಮ್ಮದು ಅಂಗೈಯಗಲದ ಮನೆ. ಅಪ್ಪನಿಗೆ ಕೇಳಿಸುವಷ್ಟು ಜೋರು ಮಾಡಿದರೆ ಮೈಕು ಶಿಳ್ಳೆ ಹೊಡೆಯುತ್ತದೆ. ಸತ್ತಿದ್ದ ಆ ಟೇಪಿನ ತೂತೊಂದು ಬದುಕಿದ್ದರೆ ಎರಡೂ ಆಗುತ್ತಿತ್ತು.

ಮರುದಿನ ಮಧ್ಯಾಹ್ನದಿಂದ ಅದೇ ಒಂದು ಪದ್ಧತಿಯಾಯಿತು. ಊಟವಾದ ಮೇಲೆ ಅಪ್ಪ ತಾನೇ ಹೆಡ್‌ಫೋನು ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದ. ಅವ್ವ ಮೈಕನ್ನು ತುಟಿಗೆ ತಾಗಿಸಿ, ಅದರ ಮೇಲೆ ಸೆರಗು ಎಳೆದುಕೊಂಡು ಪಿಸುಗುಡುತ್ತಿದ್ದಳು. ಒಂದು ಮಾರು ದೂರದಲ್ಲಿ ನಿಂತ ನನಗೂ ಏನೂ ಕೇಳಿಸುತ್ತಿರಲಿಲ್ಲ. ಆದರೆ ಅಪ್ಪನ ಪಾಲಿನ ಮಾತು ಇಡೀ ಓಣಿಗೆ.

"ಹಂಗಂದ್ಲಾ ಆಕಿ! ನನಗ ಗೊತ್ತಿಲ್ಲ ನೋಡು!"

"ಅದು ಯಾವಾಗ? ಲಕ್ಷ್ಮಿ ಹುಟ್ಟೋಕಿಂತ ಮೊದಲಾ?"

"ಥೂ ಥೂ, ನಾ ಅಂದಿಲ್ಲ. ಅಣ್ಣ ಅಂದಿದ್ದು ಅದು."

ನಡುನಡುವೆ ನಗು. ಯಾವುದೋ ಹಳೆಯ ಮದುವೆಯಲ್ಲಿ ಆದದ್ದಕ್ಕೆ, ಈಗ ಇಲ್ಲದ ಯಾರದೋ ಮಾತಿಗೆ, ಅಪ್ಪ ಆಗ ನಗುತ್ತಿದ್ದ. ನಾನು "ಮೆಣಸಿನಕಾಯಿ ತರಬೇಕಂತ" ಎಂದು ಮುಗಿಸಿದ್ದನ್ನೆಲ್ಲ ಅವ್ವ ಮೊದಲಿನಿಂದ ಹೇಳುತ್ತಿದ್ದಳು ಎಂದು ಕಾಣುತ್ತದೆ. ಹುಸೇನಮ್ಮ ನನ್ನನ್ನು ಬಾಗಿಲಲ್ಲಿ ಹಿಡಿದು, "ಮೀ ನಾಯನಕು ಪಿಚ್ಚಿ ಪಟ್ಟಿಂದಾ ಏಮಿ?" ಎಂದು ಕೇಳಿದಳು. ಹುಚ್ಚಲ್ಲ, ಹೆಂಡತಿ ಮಾತಾಡುತ್ತಿದ್ದಾಳೆ ಎಂದೆ. ಅವಳು "ಅಂತೇನಾ" ಎಂದು, ಅಷ್ಟೇನಾ ಅಂತ, ಒಳಗೆ ಹೋದಳು. ಅಂದಿನಿಂದ ಮಧ್ಯಾಹ್ನದ ಹೊತ್ತು ತನ್ನ ಬಾಗಿಲ ಮುಂದೆ ಮಕ್ಕಳು ಗಲಾಟೆ ಮಾಡಿದರೆ ಕೋಲು ಹಿಡಿದು ಓಡಿಸುತ್ತಿದ್ದಳು. ಅಪ್ಪನಿಗೆ ಆ ಗಲಾಟೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ.

ಆದರೆ ಪದ? ಅಕ್ಕನಿಗೆ ಮಾತು ಕೊಟ್ಟಿದ್ದೆ. ಅವ್ವನ ದನಿ ದಿನದಿಂದ ದಿನಕ್ಕೆ ಸವೆಯುವುದು ನನಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ಹೊರಗೆ ಹೋದಾಗ, ವಾಲ್ಯೂಮು ಹದಕ್ಕೆ ಇಳಿಸಿ, ಟೇಪ್ ಹಚ್ಚಿ, ಒಂದೇ ಒಂದು ಪದ ಹಾಡವ್ವಾ ಎಂದು ಕೂಡಿಸಿದೆ. ಒಂದು ಸಾಲು ಮುಗಿಯುವುದರೊಳಗೆ ಕೆಮ್ಮು ಹತ್ತಿತು. ಮೊದಲಿನಿಂದ ಹಾಡಿಸೋಣವೆಂದು ಹಿಂದಕ್ಕೆ ಸುತ್ತಿ ಅದರ ಮೇಲೇ ಮತ್ತೆ ಟೇಪ್ ಹಚ್ಚಿದೆ, ದನಿಯೇ ಏಳಲಿಲ್ಲ, ಮೊದಲಿನ ಸಾಲೂ ಕೆಮ್ಮೂ ಅಳಿಸಿಹೋದವು. ಆ ದಿನ ಮಧ್ಯಾಹ್ನ ಅಪ್ಪ ಹೆಡ್‌ಫೋನು ಹಾಕಿಕೊಂಡು ಬಹಳ ಹೊತ್ತು ಕಾದ. ಅವ್ವನಿಗೆ ಪಿಸುಗುಡಲಿಕ್ಕೂ ಉಸಿರು ಉಳಿದಿರಲಿಲ್ಲ. ಆಕೆಯ ಉಸಿರು ದಿನಕ್ಕೆ ಇಷ್ಟೇ ಎಂದು ಆಗಿಹೋಗಿತ್ತು. ಅದನ್ನು ಒಂದು ಕಡೆ ಖರ್ಚು ಮಾಡಿದರೆ ಇನ್ನೊಂದು ಕಡೆಗೆ ಇಲ್ಲ.

ರೇಡಿಯೋ ರಿಪೇರಿಯ ಖಾದರ್ ಭಾಯಿಯ ಹತ್ತಿರ ಹೋಗಿ ಕೇಳಿದೆ. ಟೇಪಿನ ತೂತು ಸರಿಯಾದರೆ ಅಪ್ಪನ ಜೊತೆ ಮಾತಾಡುವಾಗಲೇ ದನಿ ಟೇಪಿಗೂ ಇಳಿಯುತ್ತದೆ. ಪದವಲ್ಲದಿದ್ದರೆ ಮಾತಾದರೂ ಉಳಿಯುತ್ತದೆ.

"ಮಾಡಬೋದು, ಅದೇನು ದೊಡ್ಡ ಕೆಲಸ ಅಲ್ಲ. ಆದ್ರ ಈಗ ಮೊಹರಂ, ಪೀರ್ಲ ಹಬ್ಬ ಬಂತು. ಊರಾಗಿನ ಮೈಕ್ ಎಲ್ಲ ನನ್ನ ಮ್ಯಾಲ ಬಿದ್ದಾವು. ಡಬ್ಬಿ ಇಟ್ಟು ಹೋಗು, ಹಬ್ಬ ಮುಗಿದ ಮ್ಯಾಲ ಒಯ್ಯಿ."

"ಮನಿಗೇ ಬಂದು ಮಾಡಾಕ ಆಗಂಗಿಲ್ಲೇನು ಭಾಯಿ?"

ಅವರು ಸುತ್ತಲೂ ರಾಶಿ ಬಿದ್ದಿದ್ದ ಆಂಪ್ಲಿಫೈಯರುಗಳನ್ನು ತೋರಿಸಿದರು. "ನನ್ನ ಮನಿಗೇ ನಾ ಹೋಗಿಲ್ಲಪಾ."

ಡಬ್ಬಿ ಒಯ್ಯುತ್ತೇನೆಂದು ಅಪ್ಪನಿಗೆ ಒದರಿ ಹೇಳಿದೆ. ಅವನು ಎದ್ದು ಬಂದು, ಮಿಕ್ಸರಿನ ಮೇಲೆ ಎರಡೂ ಕೈ ಊರಿಕೊಂಡು ಕುಳಿತ. ಅಪ್ಪ ಯಾವುದಕ್ಕೂ ಹಟ ಮಾಡಿದವನಲ್ಲ. ನಾನು ಅವ್ವನ ಕಡೆ ತಿರುಗಿದೆ. ಆಕೆ ಹೇಳಿದರೆ ಕೇಳುತ್ತಾನೆ ಎಂದು.

"ಅವ್ವಾ, ಹಬ್ಬ ಮುಗಿಯೋ ತನಕ ಅಷ್ಟ. ಆಮ್ಯಾಲ ಎರಡೂ ಆಕ್ಕೈತಿ. ನಿನ್ನ ದನಿ ನಮ್ಮ ಹತ್ರ ಉಳೀತೈತಿ. ಅಕ್ಕ ಏನಂತಾಳ ನೀನಽ ಹೇಳು."

ಅವ್ವ ಕಣ್ಣುಮುಚ್ಚಿಕೊಂಡು ಉಸಿರು ಕೂಡಿಸಿಕೊಂಡಳು. "ಹಬ್ಬ ಮುಗಿಯೋ ತನಕ ನಾ ಇ‌ರ್ತೀನೇನೋ?" ಅಂದಳು. "ಪದ ನಿಮ್ಮಕ್ಕಗ ಬರ್ತಾವು. ಅರ್ಧ ಮರತ್ರ ಅರ್ಧ ಇರ್ತಾವು. ನಿಮ್ಮಪ್ಪಗ ಹೇಳೋದು ಭಾಳ ಉಳದೈತಿ, ಈರಣ್ಣ. ಟೇಪಿಗೆ ನಾ ಏನು ಹೇಳ್ಲಿ? ಅದು ಹೂಂ ಅನ್ನತೈತೇನು?"

ಟೇಪ್‌ರೆಕಾರ್ಡರನ್ನು ಒರೆಸಿ, ಚೀಲದಲ್ಲಿ ಹಾಕಿಕೊಂಡು ಸಾಹುಕಾರರಿಗೆ ವಾಪಸ್ ಕೊಟ್ಟುಬಂದೆ. "ಆತೇನು ಅವ್ವನ ಹಾಡು?" ಎಂದು ಕೇಳಿದರು. ಆಯಿತು ಎಂದೆ.

ಹಬ್ಬದ ದಿನಗಳಲ್ಲಿ ಓಣಿಯಲ್ಲಿ ಹಲಗೆ ಬಡಿಯುತ್ತಿದ್ದರು. ನಮ್ಮ ಮನೆಯ ಬಾಗಿಲು ಹಾಕಿ ಅವ್ವ ಪಿಸುಗುಡುತ್ತಿದ್ದಳು, ಅಪ್ಪ ಹೂಂಗುಡುತ್ತಿದ್ದ. ಕಡೆಕಡೆಗೆ ಮೈಕನ್ನು ಹಿಡಿಯುವ ಶಕ್ತಿಯೂ ಹೋಯಿತು, ಅಪ್ಪನೇ ಹಿಡಿಯುತ್ತಿದ್ದ. ಹಬ್ಬ ಮುಗಿದು ಖಾದರ್ ಭಾಯಿ ಹೇಳಿಕಳಿಸುವ ಮೊದಲೇ ಒಂದು ಬೆಳಿಗ್ಗೆ ಅವ್ವ ಹೋದಳು. ಆಗಲೂ ಅಪ್ಪ ಹೆಡ್‌ಫೋನಿನಲ್ಲೇ ಇದ್ದ. ಉಸಿರು ನಿಂತದ್ದು ಪಕ್ಕದಲ್ಲಿ ಕೂತಿದ್ದ ನನಗಿಂತ ಮೊದಲು ಅವನಿಗೆ ಕೇಳಿಸಿತು. ನಿಧಾನವಾಗಿ ಅದನ್ನು ತಲೆಯಿಂದ ತೆಗೆದು, ವಾಲ್ಯೂಮನ್ನು ತಾನೇ ಪೂರ್ತಿ ಇಳಿಸಿದ.

ದಿನಗಳ ಕಾರ್ಯವೆಲ್ಲ ಮುಗಿದ ಮೇಲೂ ಅಕ್ಕ ಊರಿಗೆ ಹೋಗಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ಟೇಪಿನ ವಿಷಯ ಅಕ್ಕನಿಗೆ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. "ಒಂದು ಮಾತೂ ಇಲ್ಲೇನೋ? ಕೆಮ್ಮಿದ್ದೂ ಇಲ್ಲೇನೋ?" ಎಂದು ಎರಡು ಸಲ ಕೇಳಿದಳು, ಅಷ್ಟೇ. ನನಗೆ ಬೈದಿದ್ದರೇ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ರೊಟ್ಟಿ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಅಪ್ಪನ ಬೆನ್ನ ಹಿಂದೆ ಕುಳಿತಳು. ಭುಜ ಅಲುಗಿಸಿದಳು, ಒದರಿದಳು. ಅವನು ಈ ಕಡೆ ತಿರುಗಲೇ ಇಲ್ಲ. ಕಿವುಡರಿಗೆ ಕಣ್ಣು ಮುಚ್ಚಿಕೊಂಡರೆ ಸಾಕು, ಇಡೀ ಲೋಕ ಹೊರಗೆ ನಿಲ್ಲುತ್ತದೆ. ನನಗೆ ಬೇರೇನೂ ತೋಚಲಿಲ್ಲ. ಮಿಕ್ಸರನ್ನು ಎಳೆದು ತಂದು, ಪಿನ್ನು ಕಿವಿಯ ತೂತಿಗೆ ಸಿಕ್ಕಿಸಿ, ಹೆಡ್‌ಫೋನನ್ನು ಮಲಗಿದ್ದಂತೆಯೇ ಅವನ ತಲೆಗೆ ಹಾಕಿದೆ. ಬೇಡವೆನ್ನಲಿಲ್ಲ, ಕಣ್ಣು ತೆರೆಯಲೂ ಇಲ್ಲ. ಮೈಕನ್ನು ಅಕ್ಕನ ಕೈಗೆ ಕೊಟ್ಟು ವಾಲ್ಯೂಮನ್ನು ಕಡೆಯವರೆಗೆ ಏರಿಸಿದೆ.

ಅಕ್ಕ ಅದನ್ನು ಹಿಂದೆ ಮುಂದೆ ನೋಡಿ, ನನ್ನನ್ನೇ ಮೆಲ್ಲಗೆ ಕೇಳಿದಳು: "ಇದರಾಗ ಮಾತಾಡಿದ್ರ ಕೇಳಿಸ್ತೈತೇನೋ? ರೊಟ್ಟಿ ಬ್ಯಾರೆ ಆರಾಕತ್ಯಾವು."

ಅಪ್ಪನ ಬೆನ್ನು ಅಲುಗಿತು. ಗೋಡೆಯ ಕಡೆಗೇ ಮುಖವಿಟ್ಟುಕೊಂಡು, ಎರಡೂ ಅಂಗೈಗಳಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ.

"ಮಾಡಿಟ್ಟಿಯೇನೋ!" ಎಂದ. ಹಾಗೆ ಕೂಗಿದ್ದನ್ನು ಎಷ್ಟೋ ದಿನದಿಂದ ಕೇಳಿರಲಿಲ್ಲ. "ಟೇಪ್ ಮಾಡಿಟ್ಟಿ ಅಲ್ಲೇನೋ ಈರಣ್ಣಾ! ನನಗ ಹೇಳಲಾರದ ಮಾಡಿಟ್ಟಿ! ಬಂದ್ ಮಾಡಬ್ಯಾಡ. ಓಡ್ಲಿ, ಓಡ್ಲಿ."

ಆ ಹಳೆಯ ಹೆಡ್‌ಫೋನಿನಲ್ಲಿ ಅಕ್ಕನ ದನಿ ಹೇಗೆ ಕೇಳಿಸುತ್ತದೆಂದು ನಾನು ಎಂದೂ ಕೇಳಿ ನೋಡಿರಲಿಲ್ಲ. ಅಪ್ಪನಿಗೆ ಅದು ಅವ್ವನದೇ ದನಿಯಾಗಿ ಕೇಳಿಸಿತ್ತು. ಅಕ್ಕ ನನ್ನನ್ನು ನೋಡಿದಳು. ನನ್ನ ಕೈ ವಾಲ್ಯೂಮಿನ ಮೇಲೇ ಇತ್ತು. ಇಳಿಸು ಎಂದು ಅವಳು ಹೇಳಲಿಲ್ಲ, ನಾನೂ ಇಳಿಸಲಿಲ್ಲ. ಅಪ್ಪ ಕಾಯುತ್ತಿದ್ದ.

ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮೈಕನ್ನು ತುಟಿಗೆ ತಾಗಿಸಿಕೊಂಡು ಸೆರಗು ಎಳೆದುಕೊಂಡಳು. ನಾನು ಹತ್ತಿರವೇ ಇದ್ದುದರಿಂದ ನನಗೆ ಕೇಳಿಸಿತು.

"ನಿಮಗ ಹೇಳಬೇಕಂತ ಇದ್ದೆ, ಮರತಽ ಹೋಗಿತ್ತು ನೋಡ್ರಿ. ನಮ್ಮ ಲಕ್ಷ್ಮಿ ಸಣ್ಣಾಕಿ ಇದ್ದಾಗ ಒಂದಿನ ನಿಮಗ ಬುತ್ತಿ ಕೊಡ್ತೀನಂತ ಫ್ಯಾಕ್ಟರಿಗೆ ಬಂದಾಕಿ, ಹತ್ತಿ ಅಂಡಿಗಿ ಮ್ಯಾಲ ಮಲಗಿಬಿಟ್ಟಿದ್ಲು. ನಾವು ಊರೆಲ್ಲ ಹುಡಿಕಿದ್ವಿ..."

"ಹೂಂ," ಅಂದ ಅಪ್ಪ. "ಆಮ್ಯಾಲ?"